ಎರಡು ಓರೆಗೀಟುಗಳ ನಡುವಿನ ಊರು

ಪ್ರಿಂಟರು ಗೊರಗೊರ ಸದ್ದು ಮಾಡಿ ಕಾಗದವೊಂದನ್ನು ಹೊರಕ್ಕೆ ನೂಕಿತು. ಶಾಂತಲಾ ಅದರ ಮಸಿ ಆರಲೆಂದು ನಾಲ್ಕು ಸಲ ಗಾಳಿಗೆ ಬೀಸಿ, ಪಕ್ಕದ ಸ್ಟೂಲಿನ ಮೇಲೆ ಕಾಲು ಮಡಚಿ ಕೂತಿದ್ದ ಅಜ್ಜಿಯ ಕೈಗಿಟ್ಟಳು.

“ತಗೋ ಅಜ್ಜಿ, ನಿನ್ ಮನೆ ಹಕ್ಕುಪತ್ರ. ನಮ್ ಕಾಲೋನಿಗೇ ಮೊದಲ್ನೇದು.”

ಚಿಕ್ಕಬೀರಮ್ಮ ಸೆರಗಿಗೆ ಎರಡೂ ಕೈ ಒರೆಸಿಕೊಂಡು ಕಾಗದ ಹಿಡಿದಳು. ಓದಲು ಬಾರದ ಕಣ್ಣು ಅಕ್ಷರಗಳ ಮೇಲೆ ಒಂದಿಷ್ಟು ಹೊತ್ತು ಮರ್ಯಾದೆಗೆಂಬಂತೆ ಹರಿದಾಡಿ, ಬಲಮೂಲೆಯ ಫೋಟೋದ ಮೇಲೆ ನಿಂತಿತು. ಹತ್ತಿರ ತಂದು ನೋಡಿದಳು. ದೂರ ಹಿಡಿದು ನೋಡಿದಳು.

“ಅಮ್ಮಿ, ಈ ಮೀಸೆ ಯಾರ್ದು?”

“ಯಾವ ಮೀಸೆ?”

“ನಂಗಂತೂ ಇಲ್ಲ. ನಿಮ್ ತಾತಂಗೂ ಇಷ್ಟು ದಪ್ಪ ಇರ್ನಿಲ್ಲ. ಇದು ಮೇಲೂರು ಚಲುವಯ್ಯನ್ ಮೀಸೆ ಕಣಮ್ಮಿ!”

ಶಾಂತಲಾ ಕಾಗದ ಕಿತ್ತುಕೊಂಡು ನೋಡಿದಳು. ಚಿಕ್ಕಬೀರಮ್ಮ ಕೋಂ ಲೇಟ್ ಮರಿಯಯ್ಯ, ಮನೆ ನಂಬರ್ ಹದಿನೇಳು, ಮೂವತ್ತು ಅಡಿ ನಲವತ್ತು ಅಡಿ ನಿವೇಶನ. ಬರಹವೆಲ್ಲ ಸರಿಯಾಗಿತ್ತು. ಆದರೆ ಆ ಹೆಸರಿನ ತಲೆಯ ಮೇಲೆ ಪಂಚಾಯ್ತಿ ಅಧ್ಯಕ್ಷ ಚಲುವಯ್ಯ, ಶಾಲು ಹೊದ್ದು, ಎರಡೂ ಕಡೆ ಮೀಸೆ ಹುರಿಮಾಡಿಕೊಂಡು ಕೂತಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕುಕೊಂಡೇ ಮುಂದಿನ ಮನೆಯದನ್ನು ಒತ್ತಿದಳು. ಹದಿನೆಂಟು, ಅವಳ ಅಪ್ಪ ಕುಳ್ಳಯ್ಯನ ಮನೆ. ಅಪ್ಪನ ಹೆಸರಿನ ಮೇಲೆ ಮೇಲೂರಿನ ಹಿಟ್ಟಿನ ಗಿರಣಿಯ ಸುನಂದಮ್ಮ ಮೂಗುತಿ ಹೊಳೆಯಿಸುತ್ತ ಬಂದಳು.

“ನಿಮ್ಮಪ್ಪ ಇಷ್ಟು ಲಕ್ಷಣವಾಗಿ ಯಾವತ್ತಿದ್ನವ್ವ,” ಎಂದಳು ಅಜ್ಜಿ.

ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಕಾಲೋನಿಯ ಹೆಸರು, ಮೇಲೂರಿನ ಮುಖ. ಇಪ್ಪತ್ತೈದನೆಯದಕ್ಕೆ ಶಾಂತಲಾಳ ನಗು ಪೂರಾ ಆರಿಹೋಯಿತು. ಇವತ್ತು ಗುರುವಾರ. ಶನಿವಾರ ಬೆಳಿಗ್ಗೆ ಮುತ್ತುಗನಕೊಪ್ಪಲಿನ ಸ್ಕೂಲ್ ಬಯಲಿನಲ್ಲಿ ಶಾಮಿಯಾನ ಹಾಕಿ ಹಕ್ಕುಪತ್ರ ಹಂಚುವುದೆಂದು ಗೊತ್ತಾಗಿತ್ತು. ಮುಖ ತಪ್ಪಿದ ಹಕ್ಕುಪತ್ರವನ್ನು ಯಾವ ಬ್ಯಾಂಕೂ, ಯಾವ ಕಚೇರಿಯೂ ಮೂಸಿ ಕೂಡ ನೋಡುವುದಿಲ್ಲ. ಈ ಸಲ ತಪ್ಪಿತೆಂದರೆ ಕಾಲೋನಿಯ ನಲವತ್ತೊಂದು ಮನೆಗಳ ಸರದಿ ಮತ್ತೆ ಯಾವ ಕಾಲಕ್ಕೋ.

ಅದು ಎರಡು ಸಾವಿರದ ಮೂರನೇ ಇಸವಿ. ನಿವೇಶನ ಯೋಜನೆಗೆಂದು ಹುಣಸೂರಿನಲ್ಲಿ ಹೊಗೆಸೊಪ್ಪಿನ ಗೋಡೌನೊಂದರ ಮಾಳಿಗೆಯನ್ನು ಬಾಡಿಗೆಗೆ ಹಿಡಿದು, ‘ವಿಶೇಷ ಕಚೇರಿ’ ಎಂದು ಬೋರ್ಡು ತೂಗುಹಾಕಿದ್ದರು. ವಿಶೇಷವೆಂದರೆ ಎರಡು ಕಂಪ್ಯೂಟರು, ಒಂದು ಪ್ರಿಂಟರು, ಮತ್ತು ಎಲ್ಲದರ ಮೇಲೂ ಕೂರುತ್ತಿದ್ದ ಹೊಗೆಸೊಪ್ಪಿನ ಘಾಟು. ಶಾಂತಲಾ ಕೊಪ್ಪದಲ್ಲಿ, ಟಿಬೆಟನ್ನರ ಸ್ವೆಟರ್ ಅಂಗಡಿಯ ಮೇಲಿದ್ದ ಸೆಂಟರಿನಲ್ಲಿ ಆರು ತಿಂಗಳು ಕಂಪ್ಯೂಟರು ಕಲಿತು ಇಲ್ಲಿ ಆಪರೇಟರ್ ಆಗಿದ್ದಳು. ಮುತ್ತುಗನಕೊಪ್ಪಲಿನ ಮೇಲೂರಿನ ನೂರಾ ಹನ್ನೆರಡು ಮನೆಗಳ ವಿವರವನ್ನು ಹೋದ ತಿಂಗಳೇ ಸೇರಿಸಿದ್ದಳು. ತನ್ನ ಕಾಲೋನಿಯದನ್ನು ಈ ವಾರ ಸೇರಿಸಿದ್ದಳು. ಪ್ರತಿ ಮನೆಗೂ ತಾನೇ ಹೋಗಿ, ಕ್ಯಾಮೆರಾದ ಮುಂದೆ ಕೂರಲು ನಾಚಿದವರನ್ನು ಎಳೆದು ಕೂರಿಸಿ, ಮುಖ ತೊಳೆಸಿ ತೆಗೆದ ಫೋಟೋಗಳವು. ಫ್ಲಾಪಿಗಳು ಈಗಲೂ ಅವಳ ಮೇಜಿನ ಬಿಸ್ಕತ್ತು ಡಬ್ಬಿಯಲ್ಲಿ ಭದ್ರವಾಗಿದ್ದವು. ಕಂಪ್ಯೂಟರಿನ ಒಳಕ್ಕೆ ಹೋದ ಮೇಲೆ ಅವೆಲ್ಲಿ ಮಾಯವಾದವು?

ತಾಲ್ಲೂಕು ಕಚೇರಿಯಿಂದ ಹಳೇ ಕಡತಗಳ ಸಮೇತ ಇಲ್ಲಿಗೆ ಬಂದಿದ್ದ ಗುಮಾಸ್ತ ಮಂಟಯ್ಯ ಕಾಗದಗಳನ್ನು ತಿರುವಿ ನೋಡಿ, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ.

“ಮೇಲೂರಿಂದು ಸರಿಯಾಗ್ ಬತ್ತಾ ಅದಾ?”

“ಅದು ಸರಿಯಾಗೇ ಬತ್ತಾ ಅದೆ ಸಾರ್. ನಮ್ದು ಮಾತ್ರ ಇಂಗೆ.”

“ಮತ್ತಿನ್ನೇನು? ಶನಿವಾರ ಮೇಲೂರಿಂದು ಅಂಚ್ಬುಡಾವ. ನಿಮ್ದು ಮುಂದಿನ ಅಂತದಲ್ಲಿ ನೋಡಿದ್ರಾಯ್ತದೆ.”

“ಯಾವಾಗ ಸಾರ್ ಮುಂದಿನ ಹಂತ?”

“ಅದು ಬತ್ತದೆ ಕಣಮ್ಮ, ಎಲ್ಲೋದದು?” ಎಂದು ಮಂಟಯ್ಯ ಉಗಿಯಲು ಕಿಟಕಿಗೆ ಹೋದ.

ಈ ‘ಬತ್ತದೆ ಕಣಮ್ಮ’ ಎಂಬ ಮಾತನ್ನು ಚಿಕ್ಕಬೀರಮ್ಮ ಇಪ್ಪತ್ತೆರಡು ವರ್ಷದಿಂದ, ಅರ್ಜಿಗೆ ಹೆಬ್ಬೆಟ್ಟು ಒತ್ತಿದಾಗಲೆಲ್ಲ ಕೇಳುತ್ತ ಬಂದಿದ್ದಳು. ಕೆರೆ ಏರಿಯ ಮೇಲುಗಡೆ ಮುತ್ತುಗನಕೊಪ್ಪಲಿನ ಮೂಲ ಊರು, ಅದೇ ಮೇಲೂರು; ಕೆಳಗಡೆ ಕಾಲೋನಿ. ಕಾಲೋನಿಗೆ ಹೆಸರಿಲ್ಲ, ಸರ್ಕಾರದ ಪಟ್ಟಿಯಲ್ಲಿ ನಂಬರೂ ಇಲ್ಲ. ನೀರಿನ ಪೈಪು ಮುತ್ತುಗನಕೊಪ್ಪಲಿಗೆ ಮಂಜೂರಾಯಿತು, ಮೇಲೂರಿನ ಕೊನೇ ಮನೆಯ ಹಿತ್ತಲಿಗೆ ಬಂದು ನಿಂತಿತು. ಬೀದಿದೀಪ ಮಂಜೂರಾಯಿತು, ಕಡೇ ಕಂಬವನ್ನು ಚಲುವಯ್ಯನ ಕೊಟ್ಟಿಗೆಯ ಮುಂದೆ ನೆಟ್ಟರು, ರಾತ್ರಿಯೆಲ್ಲ ಎಮ್ಮೆಗಳು ಬೆಳಕಿನಲ್ಲಿ ಮೆಲುಕು ಹಾಕಿದವು. ಕೇಳಲು ಹೋದರೆ ಕಾಗದ ತೋರಿಸುತ್ತಿದ್ದರು: ಮುತ್ತುಗನಕೊಪ್ಪಲಿನ ನೂರೈವತ್ಮೂರು ಮನೆಗೂ ನೀರು ಮುಟ್ಟಿದೆ, ಬೆಳಕು ಮುಟ್ಟಿದೆ. ಎಣಿಸುವಾಗ ಕಾಲೋನಿಯೂ ಲೆಕ್ಕಕ್ಕುಂಟು, ಹಂಚುವಾಗ ಏರಿಯ ಕೆಳಕ್ಕೆ ಯಾವುದೂ ಇಳಿಯುವುದಿಲ್ಲ. ಕಾಲೋನಿಯನ್ನು ಬೇರೆ ಮಜರೆ, ಅಂದರೆ ಊರಿನಡಿಯ ಇನ್ನೊಂದು ಪುಟ್ಟ ಊರು ಎಂದು ಪಟ್ಟಿಗೆ ಸೇರಿಸಬೇಕಾದರೆ ಪಂಚಾಯ್ತಿ ಅಧ್ಯಕ್ಷರ ಒಪ್ಪಿಗೆ ಪತ್ರ ಬೇಕು. ಚಲುವಯ್ಯ ಕೊಟ್ಟಿರಲಿಲ್ಲ. ಅವನಿಗಿಂತ ಹಿಂದೆ ಅಧ್ಯಕ್ಷನಾಗಿದ್ದ ಅವನ ಅಣ್ಣನೂ ಕೊಟ್ಟಿರಲಿಲ್ಲ. “ನಾವೆಲ್ಲ ಒಂದೇ ಊರೋರು ಕಣ್ರಪ್ಪ, ಬ್ಯಾರೆ ಯಾಕಾಗ್ಬೇಕು?” ಎಂಬುದು ಇಬ್ಬರದೂ ಪ್ರೀತಿಯ ಮಾತು. ಆ ಒಂದೇ ಊರಿನವರು ಕುಡಿಯುವ ನೀರಿನ ಬಾವಿಗೆ ಕಾಲೋನಿಯ ಕೊಡವೊಂದು ಇಳಿದ ದಿನ ಮಾತ್ರ ಊರು ಎರಡಾಗಿತ್ತು.

ಅವತ್ತು ಮಧ್ಯಾಹ್ನ ಶಾಂತಲಾ ಎಸ್‌ಟಿಡಿ ಬೂತಿನಿಂದ ಕೃಷ್ಣರಾಜನಗರಕ್ಕೆ ಫೋನು ಮಾಡಿದಳು. ಈ ಯೋಜನೆಯ ಪ್ರೋಗ್ರಾಮು ಬರೆದಿದ್ದ ವಸಂತ್ ಅಲ್ಲಿಯವನು. ಪೂರಾ ಕೇಳಿಸಿಕೊಂಡು ಅವನು “ಮೀಸೇನಾ?” ಎಂದು ಎರಡು ಸಲ ಕೇಳಿದ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಸ್ಸಿಳಿದು ಮಾಳಿಗೆ ಹತ್ತಿದ. ತೆಳ್ಳಗೆ, ಕನ್ನಡಕ, ಹೆಗಲಲ್ಲಿ ಒಂದು ದೊಡ್ಡ ಬ್ಯಾಗು. ಚಿಕ್ಕಬೀರಮ್ಮ ಅವನಿಗಿಂತ ಮೊದಲೇ ಬಂದು ಅದೇ ಸ್ಟೂಲಿನ ಮೇಲೆ ಕೂತಿದ್ದಳು.

ವಸಂತ್ ಒಂದು ಗಂಟೆ ಕೀಲಿಮಣೆ ಕುಟ್ಟಿದ. ಆಮೇಲೆ ಹಣೆ ಚಚ್ಚಿಕೊಂಡು ನಗತೊಡಗಿದ.

“ಏನಪ್ಪಾ ಅಂಗ್ ನಗ್ತಿಯೆ? ನಂಗೂ ಹೇಳು, ನಾನೂ ನಗ್ತೀನಿ,” ಎಂದಳು ಅಜ್ಜಿ.

“ಅಜ್ಜಿ, ನಮ್ ಮನೆಗೆಲ್ಲ ವಿಳಾಸ ಇರುತ್ತಲ್ಲ, ಹಂಗೇ ಕಂಪ್ಯೂಟರ್ ಒಳಗೆ ಒಂದೊಂದು ಫೋಟೋಗೂ ಒಂದೊಂದು ವಿಳಾಸ ಇರುತ್ತೆ. ಮೊದಲು ಇದು ಫೈಲು ಅಂತ ಹೇಳಿ ಮೂರು ಓರೆಗೀಟು. ಆಮೇಲೆ ಯಾವ ಡಿಸ್ಕು, ಯಾವ ಊರು, ಯಾವ ಮಜರೆ, ಯಾವ ಮನೆ. ಒಂದೊಂದರ ನಡುವೆ ಒಂದೊಂದು ಓರೆಗೀಟು.”

ಅವನು ಒಂದು ಹಾಳೆಯ ಹಿಂದೆ ಬರೆದು ತೋರಿಸಿದ. “ನಿಮ್ಮೂರಿನ ನಂಬರ್ ಅರವತ್ತೆರಡು. ಮೇಲೂರು ಅಂದ್ರೆ ಮೂಲ ಊರು, ಅವರಿಗೆ ಮಜರೆ ನಂಬರ್ ಬೇಕಾಗಿಲ್ಲ. ಅದಕ್ಕೇ ಅವರ ಹದಿನೇಳನೇ ಮನೆ ಫೋಟೋ ವಿಳಾಸ 62/17. ಕಾಲೋನಿಯವರ ವಿಳಾಸದಲ್ಲಿ ನಡುವೆ ಮಜರೆ ನಂಬರ್ ಇರಬೇಕು. ಶಾಂತಲಾ ಅವರೇ, ನೀವು ಆ ಜಾಗದಲ್ಲಿ ಏನು ಹಾಕಿದ್ರಿ?”

“ಏನೂ ಹಾಕ್ಲಿಲ್ಲ. ಮಂಟಯ್ಯೋರು ಖಾಲಿ ಬಿಡು ಅಂದ್ರು.”

“ಖಾಲಿ ಬಿಟ್ರೆ ಮುಂದಕ್ಕೇ ಹೋಗದ ಹಾಗೆ ನಾನು ಮೊದಲು ಬಿಗಿ ಮಾಡಿದ್ದೆ. ಮಂಟಯ್ಯನವರೇ ಫೋನ್ ಮಾಡಿ ತೆಗೆಸಿದ್ರು.”

“ಇಪ್ಪತ್ತೈದು ವರ್ಷದಿಂದ ಆ ಕಾಲಂ ಕಾಲಿ ಬುಟ್ಕಂಡೇ ಬಂದಿವ್ನಿ,” ಎಂದ ಮಂಟಯ್ಯ, ಆ ಖಾಲಿ ಜಾಗವನ್ನು ತಾನೇ ಸಾಕಿ ಬೆಳೆಸಿದವನಂತೆ. “ಒಂದು ದಿವ್ಸನೂ ತೊಂದ್ರೆ ಆಗಿರ್ನಿಲ್ಲ.”

“ಬರೆಯೋ ರಿಜಿಸ್ಟರಲ್ಲಿ ಆಗಲ್ಲ ಸಾರ್. ಇಲ್ಲಿ ಆಯ್ತು. ಮಜರೆ ಜಾಗ ಖಾಲಿ, ಆದ್ರಿಂದ ವಿಳಾಸ 62//17. ಎರಡು ಓರೆಗೀಟು ಅಕ್ಕಪಕ್ಕ, ನಡುವೆ ಏನೂ ಇಲ್ಲ. ನಾನು ಈ ಪ್ರೋಗ್ರಾಮನ್ನ ಪೂರ್ತಿ ಸ್ವಂತಕ್ಕೆ ಬರೆದಿಲ್ಲ. ಬೇರೆ ಯಾರೋ ಮಾಡಿಟ್ಟ ಫ್ರೇಮ್‌ವರ್ಕ್ ಮೇಲೆ ಕಟ್ಟಿದ್ದೀನಿ, ಹಾಕಿಟ್ಟ ತಳಪಾಯದ ಮೇಲೆ ಗೋಡೆ ಎಬ್ಬಿಸಿದ ಹಾಗೆ. ಅದಕ್ಕೊಂದು ಚೊಕ್ಕಟದ ಹುಚ್ಚಿದೆ ಅಂತ ನನಗೆ ಗೊತ್ತಿರಲಿಲ್ಲ. ವಿಳಾಸ ಕೊಟ್ಟ ಕೂಡಲೇ ಒಪ್ಪ ಮಾಡಿಬಿಡುತ್ತೆ. ಎರಡು ಗೀಟು ಕಂಡ್ರೆ, ಇದು ಕೈತಪ್ಪಿ ಬಿದ್ದದ್ದು ಅಂದ್ಕೊಂಡು ಒಂದನ್ನ ಅಳಿಸಿಹಾಕುತ್ತೆ. 62//17 ಹೋಗಿ 62/17 ಆಯ್ತು. ಅದು ಚಲುವಯ್ಯನವರ ಜಾಗ. ಅಲ್ಲಿ ಆಗಲೇ ಒಂದು ಫೋಟೋ ಇದೆಯಲ್ಲ, ಅಂತ ಅದನ್ನೇ ತೋರಿಸ್ತಿದೆ.”

“ಮೊದಲ್ಗೆ ಮೂರು ಗೀಟು ಅದೆ ಅಂದೆ? ಅದುನ್ನ ಅಳ್ಸಾಕಿಲ್ವಾ?”

“ಇಲ್ಲ ಅಜ್ಜಿ. ಶುರುವಿನ ಮೂರನ್ನ ಮುಟ್ಟಲ್ಲ. ನಡುವೆ ಎರಡು ಬಂದ್ರೆ ಮಾತ್ರ ಸಹಿಸಲ್ಲ.”

“ಮುಂದ್ಗಡೆ ಕುಂತವ್ರು ಮೂರ್ ಜನ ಇದ್ರೂ ಏನೂ ಇಲ್ಲ, ನಡುವ್ಲಿರೋರು ಇಬ್ರಾದ್ರೆ ಕಣ್ ಕುಕ್ತದೆ. ಈ ಮಿಸಿನ್ನು ನಮ್ ಪಂಚಾಯ್ತೀಲೇ ಓದ್ಕ ಬಂದದೆ ಕಣಪ್ಪ.”

ಮಂಟಯ್ಯನಿಗೂ ನಗು ಬಂದು ಎಲೆಅಡಿಕೆ ನೆತ್ತಿಗೇರಿತು.

“ನಮ್ಮೋರ ಫೋಟೋ ಹಾಳಾಯ್ತಾ?” ಎಂದು ಕೇಳಿದಳು ಶಾಂತಲಾ. ಅವಳಿಗೆ ಅದೊಂದೇ ಭಯ.

“ಹಾಳಾಗಿಲ್ಲ. ಜಾಗ ಸಿಗದ ಫೋಟೋಗಳನ್ನ ಪ್ರೋಗ್ರಾಮು ಸಾಲಾಗಿ ನಿಲ್ಲಿಸಿಕೊಂಡಿದೆ. ನಲವತ್ತೊಂದೂ ಬಾಗಿಲಲ್ಲೇ ನಿಂತಿವೆ. ಯಾವಾಗ ಜಾಗ ಖಾಲಿಯಾಗುತ್ತೋ ಆಗ ನುಗ್ಗುತ್ತವೆ.” ವಸಂತ್ ಕನ್ನಡಕ ಒರೆಸಿಕೊಂಡ. “ಮಜರೆ ನಂಬರ್ ಒಂದಿದ್ರೆ ಐದು ನಿಮಿಷದ ಕೆಲಸ. ಇಲ್ಲದಿದ್ರೂ ನಾನೊಂದು ದಾರಿ ಮಾಡಬಲ್ಲೆ. ಕಾಲೋನಿ ಫೋಟೋಗಳನ್ನ ಬೇರೆ ಕಡೆ ಇಟ್ಟು, ಪ್ರಿಂಟ್ ಹಾಕುವಾಗ ಅಲ್ಲಿಂದ ತರಿಸ್ತೀನಿ. ಮುಖ ಸರಿಯಾಗಿ ಬರುತ್ತೆ. ಹಕ್ಕುಪತ್ರದಲ್ಲಿ ಮಜರೆ ಅನ್ನೋ ಜಾಗ ಮಾತ್ರ ಖಾಲಿ ಉಳಿಯುತ್ತೆ, ಅಷ್ಟೇ.”

ಶಾಂತಲಾಳಿಗೆ ಹೋದ ಜೀವ ಬಂದಂತಾಯಿತು. “ಎಷ್ಟೊತ್ತು ಬೇಕು?”

“ಅರ್ಧ ಗಂಟೆ.”

“ಹಂಗಾದ್ರೆ ಮಾಡಿ—”

“ಬ್ಯಾಡ,” ಎಂದಳು ಚಿಕ್ಕಬೀರಮ್ಮ.

ಎಲ್ಲರೂ ಅವಳ ಕಡೆ ತಿರುಗಿದರು. ಅಜ್ಜಿ ಸ್ಟೂಲಿನಿಂದ ಕಾಲು ಇಳಿಬಿಟ್ಟು ನೆಟ್ಟಗೆ ಕೂತಳು.

“ಮುಖ ಸರಿ ಮಾಡ್ಬುಟ್ಟು ಜಾಗ ಕಾಲಿ ಬುಟ್ರೆ, ನಾಳೀಕೆ ಯಾರಿಗಾದ್ರೂ ತೊಂದ್ರೆ ಉಂಟಾ? ಮೇಲೂರೋರಿಗೆ ಇಲ್ಲ, ಕಚೇರಿಯೋರಿಗೆ ಇಲ್ಲ. ಇನ್ನು ಯಾರ್ ಕೊಟ್ಟಾರು ನಂಬರಾ? ಕಾಗದ ಬತ್ತದೆ, ಪೈಪು ಅಲ್ಲೇ ನಿಂತ್ಕತದೆ. ಇವತ್ತು ನಾವು ಎದ್ದು ಕಾಣ್ತಾ ಇವಿ ಕಣಮ್ಮಿ. ಮೀಸೆ ಇಕ್ಕಂಡಾದ್ರೂ ಕಾಣ್ತಾ ಇವಿ. ಇದ್ಯಾಕ್ ಮುಚ್ಚಾಕ್ತೀರಿ?”

“ಅಜ್ಜಿ, ನಾಳೆ ಬೆಳಿಗ್ಗೆ ಹಂಚಬೇಕು. ನಲವತ್ತೊಂದು ಮನೆಯೋರೂ ಬಂದು ಬಿಸಿಲಲ್ಲಿ ನಿಂತ್ಕೋತಾರೆ. ಏನೂ ಸಿಗದಿದ್ರೆ ಕೆಲಸ ಕೆಡಿಸಿದ್ದು ನಾನು ಅಂತಾರೆ.”

“ಅನ್ಲಿ. ನನ್ನ ಮುಂದ್ ಬಂದು ಅನ್ಲಿ.”

ಶಾಂತಲಾ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದು. ನಲವತ್ತೊಂದು ಹಕ್ಕುಪತ್ರ ಪ್ರಿಂಟಾಗಲು ಎರಡು ಗಂಟೆ ಬೇಕು, ಕಚೇರಿ ಮುಚ್ಚುವುದು ಐದೂವರೆಗೆ. ಅವಳು ಲೆಕ್ಕ ಹಾಕಿ ಹೇಳಿದಳು: “ಮೂರು ಗಂಟೆವರೆಗೆ ಕಾಯೋಣ. ಅಷ್ಟರಲ್ಲಿ ನಂಬರ್ ಬರದಿದ್ರೆ ವಸಂತ್ ಅವರು ಹೇಳಿದ ಹಾಗೆ ಮಾಡೋದೇ. ನೀನು ಅಡ್ಡ ಮಾತಾಡಂಗಿಲ್ಲ.”

“ಮೂರ್ ಗಂಟೆ ಅಂದ್ರೆ ಗೊತ್ತು, ಬುಡು. ಮೂರ್ ಗಂಟೆಗಂಟ ಏನ್ ಕಡ್ಮೆ ಒತ್ತಾ?” ಎಂದು ಅಜ್ಜಿ ಸೊಂಟದ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚತೊಡಗಿದಳು.

ಒಂದು ಗಂಟೆಗೆ ಜೀಪು ಬಂತು. ವಿಶೇಷ ಅಧಿಕಾರಿ ಶಿವಶಂಕರ ನಾಳಿನ ಸಮಾರಂಭದ ಕಾಗದಗಳನ್ನು ನೋಡಲು ಬಂದಿದ್ದರು. ಒಳ್ಳೆಯವರೇ, ಆದರೆ ಯಾವುದನ್ನೂ ಇವತ್ತು ಮಾಡಲು ಧೈರ್ಯವಿಲ್ಲದ ಒಳ್ಳೆಯವರು. ಅವರ ಹಿಂದೆಯೇ ಬಿಳೀ ಪಂಚೆ ಎತ್ತಿಕೊಂಡು ಚಲುವಯ್ಯ ಮಾಳಿಗೆ ಹತ್ತಿದ. ಮೀಸೆ ಇವತ್ತು ಕಾಡಿಗೆಯಂತೆ ಕಪ್ಪಗಿತ್ತು.

ಶಾಂತಲಾ ಹದಿನೇಳನೇ ಮನೆಯ ಹಕ್ಕುಪತ್ರವನ್ನು ಅಧಿಕಾರಿಯ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಚಲುವಯ್ಯ ಬಗ್ಗಿ ನೋಡಿ ಹೊಟ್ಟೆ ಕುಲುಕಿಸಿ ನಕ್ಕ.

“ಏನಮ್ಮಿ ಬೀರಿ, ಈ ವಯಸ್ಸಲ್ಲಿ ನನ್ ಮೀಸೆ ಮೇಲೆ ಆಸೆ ಬಂತಾ?”

“ಮೀಸೆ ನೀವೇ ಮಡಿಕಳಿ ಗೌಡ್ರೇ. ಅದುನ್ನ ತೀಡಾಕೆ ನನ್ತವ ಎಣ್ಣೆ ಎಲ್ಲದೆ?”

ಅಧಿಕಾರಿ ಗಂಟಲು ಸರಿಮಾಡಿಕೊಂಡರು. “ನೋಡಮ್ಮಾ, ಗಡಿಬಿಡಿ ಬೇಡ. ನಾಳೆ ಮೇಲೂರಿನವರಿಗೆ ಕೊಟ್ಟುಬಿಡೋಣ, ಅವರದು ಸರಿಯಾಗಿದೆಯಲ್ಲ. ಕಾಲೋನಿಯದ್ದನ್ನ ಪರಿಶೀಲಿಸಿ ಮುಂದಿನ ಹಂತದಲ್ಲಿ—”

“ಸಾರ್, ಒಂದ್ನಿಮ್ಸ,” ಎಂದ ಚಲುವಯ್ಯ. ಕಾಗದವನ್ನು ಬೆಳಕಿಗೆ ಹಿಡಿದಿದ್ದ. ಅವನ ನಗು ಮಾಯವಾಗಿತ್ತು. “ಇದ್ರಲ್ಲಿ ಮೀಸೆ ಬೆಳ್ಳಗದೆ! ಹೋದ್ ತಿಂಗ್ಳು ತೆಗ್ದದ್ದು ಇದು. ನಾಳೆ ದೊಡ್ ದೊಡ್ಡೋರೆಲ್ಲ ಬರ್ತಾರೆ, ಸ್ಟೇಜಿನ ಮೇಲೆ ಮೊದಲ್ನೇ ಪತ್ರ ನಂಗೇ ಕೊಡಾದು. ಕೈಲಿರಾ ಕಾಗದ್ದಲ್ಲಿ ಬಿಳಿ, ಮುಖದಲ್ಲಿ ಕರಿ ಇದ್ರೆ ಏನ್ ಚೆಂದ? ಏನವ್ವ ಶಾಂತಲಾ, ಬ್ಯಾರೆ ಫೋಟ ತೆಗ್ದು ಆಕ್ಬುಡು.”

ಶಾಂತಲಾ ವಸಂತನ ಮುಖ ನೋಡಿದಳು. ವಸಂತ್ ಸೂರು ನೋಡಿದ.

“ಗೌಡ್ರೇ, ಹೊಸದು ಹಾಕಬೇಕಾದ್ರೆ ಹಳೇದನ್ನ ಅಳಿಸಬೇಕು. ಅಳಿಸಿದ್ರೆ ನಿಮ್ ಜಾಗ ಖಾಲಿಯಾಯ್ತದೆ. ನಮ್ಮಜ್ಜಿ ಫೋಟೋ ಆ ಬಾಗಿಲಲ್ಲೇ ನಿಂತದೆ. ನಿಮ್ ಹೊಸದು ಹೋಗೋಕೆ ಮುಂಚೆ ಅದು ಒಳಕ್ಕೆ ನುಗ್ಗಿಬಿಡ್ತದೆ. ಬೇಡ ಅನ್ನಿಸ್ತದೆ.”

“ಫೋಟ ಎಲ್ಲಾರ ನುಗ್ತದೇನವ್ವ! ನಾನೇನ್ ಕಂಪ್ಯೂಟ್ರು ಕಂಡಿಲ್ವಾ? ಅಳ್ಸು, ಅಳ್ಸು.”

“ಸಾರ್, ನೀವೂ ಹೇಳ್ತೀರಾ?” ಎಂದು ಅವಳು ಅಧಿಕಾರಿಯನ್ನು ಕೇಳಿದಳು.

“ಅಧ್ಯಕ್ಷರು ಕೇಳ್ತಿದ್ದಾರಲ್ಲ, ಮಾಡಮ್ಮ.”

ಅವಳು ಚಲುವಯ್ಯನನ್ನು ಗೋಡೆಯ ಮುಂದೆ ಕೂರಿಸಿ, ಶಾಲು ಸರಿಮಾಡಿಸಿ, ಹೊಸ ಫೋಟೋ ತೆಗೆದಳು. ಹಳೆಯದನ್ನು ಅಳಿಸಿದಳು. ಹೊಸದನ್ನು ಸೇರಿಸಿದಳು. ಪ್ರಿಂಟ್ ಒತ್ತಿದಳು. ಗೊರಗೊರ ಸದ್ದಿಗೆ ಎಲ್ಲರೂ ಕತ್ತು ಚಾಚಿದರು.

ಶ್ರೀ ಚಲುವಯ್ಯ, ಪಂಚಾಯ್ತಿ ಅಧ್ಯಕ್ಷರು, ಮುತ್ತುಗನಕೊಪ್ಪಲು. ಅದರ ಮೇಲೆ, ಕೆಂಪೇರಿದ ತುಟಿ ಬಿಗಿದು, ಎರಡೂ ಕಿವಿಯ ಓಲೆ ತೋರಿಸಿಕೊಂಡು, ‘ಏನೀಗ?’ ಎಂಬಂತೆ ದಿಟ್ಟಿಸುತ್ತಿದ್ದಳು ಚಿಕ್ಕಬೀರಮ್ಮ.

ಮಂಟಯ್ಯ ಕೆಮ್ಮುವ ನೆಪದಲ್ಲಿ ಹೊರಕ್ಕೆ ಓಡಿದ.

“ಲೇ! ಇದೇನ್ರೀ ಇದು? ತೆಗೀರಿ ಇದುನ್ನ!”

ಶಾಂತಲಾ ಅಳಿಸಿದಳು. ಮತ್ತೆ ಒತ್ತಿದಳು. ಮತ್ತೆ ಅಜ್ಜಿ ಬಂದಳು. ಈ ಸಲ ಓಲೆ ಇನ್ನೂ ಹೊಳೆಯುತ್ತಿದ್ದಂತೆ ಕಂಡಿತು.

“ಸಾಲಿನಲ್ಲಿ ಅಜ್ಜಿ ಮುಂದೆ ಇದ್ದಾರೆ ಸಾರ್,” ಎಂದ ವಸಂತ್ ಬಹಳ ವಿನಯದಿಂದ. “ಅವರು ವಾರದಿಂದ ನಿಂತಿದ್ದಾರೆ. ನೀವು ಈಗ ತಾನೇ ಬಂದಿರಿ. ಸಾಲಿನಲ್ಲಿರೋ ಪ್ರತಿ ಹಾಗೇ ಉಳಿಯುತ್ತೆ, ಎಷ್ಟು ಸಲ ಅಳಿಸಿದ್ರೂ ಅವರದೇ ಮೊದಲು.”

“ನನ್ನನ್ನ ಇವ್ಳ ಹಿಂದೆ ನಿಲ್ಸಿದ್ಯಾ?”

“ನಾನಲ್ಲ ಸಾರ್. ಫ್ರೇಮ್‌ವರ್ಕು.”

“ಯಾವೋನವ್ನು ಪ್ರೇಮುವರ್ಕು? ಕರೀರಿ ಅವ್ನ!”

ಚಿಕ್ಕಬೀರಮ್ಮ ಕಾಗದ ಕೈಗೆತ್ತಿಕೊಂಡು ಮೆಚ್ಚುಗೆಯಿಂದ ನೋಡುತ್ತಿದ್ದಳು. “ಅಮ್ಮಿ, ಇದ್ರಲ್ಲಿ ಗೌಡ್ರ ಮನೆ ಉದ್ದಗಲ ಎಷ್ಟು ಅಂತ ಬರ್ದದೆ?”

“ಎಂಬತ್ತು ನೂರಿಪ್ಪತ್ತು ಅಜ್ಜಿ.”

“ಒಳ್ಳೇ ಮನೆ ಬುಡು. ಕೊಟ್ಟಿಗೆ ಮುಂದೆ ಲೈಟೂ ಅದೆ. ನಂಗ್ ಒಪ್ಗೆ.”

ಚಲುವಯ್ಯ ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ಅಧಿಕಾರಿಗೂ ಬೆವರು ಕಿತ್ತಿತ್ತು, ಆದರೆ ಬೇರೆ ಕಾರಣಕ್ಕೆ. “ಮೇಲೂರಿನಲ್ಲಿ ಇನ್ನು ಯಾರಾದರೂ ಫೋಟೋ ಬದಲಾಯಿಸಬೇಕು ಅಂದಿದ್ದಾರಾ?”

“ಒಂಬತ್ತು ಜನ ಸಾರ್,” ಎಂದಳು ಶಾಂತಲಾ. “ಕಣ್ಣು ಮುಚ್ಚಿರೋದು, ಕುಂಕುಮ ಇಲ್ಲದ್ದು. ಇವತ್ತು ಸಂಜೆ ಒಳಗೆ ಮಾಡಿಕೊಡ್ತೀನಿ ಅಂತ ಒಪ್ಕೊಂಡಿದ್ದೀನಿ.”

“ಒಂಬತ್ತೂ ಹೀಗೇ ಆಗುತ್ತಾ?”

“ಆ ಮನೆ ನಂಬರ್ ಕಾಲೋನೀಲೂ ಇದ್ರೆ ಹೀಗೇ ಸಾರ್.”

ಅಧಿಕಾರಿ ವಸಂತನ ಕಡೆ ತಿರುಗಿದರು. “ಏನ್ರೀ ಪರಿಹಾರ?”

ವಸಂತ್ ಅಜ್ಜಿಯ ಕಡೆ ನೋಡಿದ. ಅಜ್ಜಿ ಎಲೆ ಮಡಚುತ್ತಿದ್ದಳು, ತಲೆ ಎತ್ತಲಿಲ್ಲ. “ಸರಿಯಾದ ಪರಿಹಾರ ಒಂದೇ ಸಾರ್,” ಎಂದ. “ಆ ಎರಡು ಓರೆಗೀಟಿನ ನಡುವೆ ಒಂದು ನಂಬರ್ ಕೂರಿಸಬೇಕು. ಆಗ ಅವರದು ಅವರಿಗೆ, ಇವರದು ಇವರಿಗೆ.”

“ನಂಬರ್ ಕೊಡೋ ಅಧಿಕಾರ ನನಗಿದೆ. ಆದರೆ ಪಂಚಾಯ್ತಿ ಅಧ್ಯಕ್ಷರ ಒಪ್ಪಿಗೆ ಬೇಕಲ್ಲ.”

ಎಲ್ಲರ ಕಣ್ಣೂ ಒಟ್ಟಿಗೆ ಚಲುವಯ್ಯನ ಮೇಲೆ ಬಿದ್ದವು. ಚಲುವಯ್ಯ ಅಜ್ಜಿಯ ಮುಖವಿದ್ದ ತನ್ನ ಹಕ್ಕುಪತ್ರ ನೋಡಿದ. ನಾಳೆ ಸ್ಟೇಜಿನ ಮೇಲೆ, ಮೈಕಿನಲ್ಲಿ ಹೆಸರು ಕೂಗಿಸಿಕೊಂಡು, ಮಾವನ ಮನೆಯವರೆಲ್ಲ ಕೂತಿರುವಾಗ, ಆ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸುವುದನ್ನು ನೆನೆಸಿಕೊಂಡನೆಂದು ಕಾಣುತ್ತದೆ. ಕಾಗದವನ್ನು ಮೇಜಿನ ಮೇಲೆ ಮಗುಚಿ ಹಾಕಿದ.

“ಸಾರ್, ನಾನ್ ಯಾವತ್ತು ಬ್ಯಾಡ ಅಂದಿದ್ದೆ?” ಎಂದ. “ಕೊಟ್ಬುಡಿ ಸಾರ್, ಪಾಪ, ಅವ್ರೂ ಮನುಷ್ರಲ್ವಾ?”

“ಬಾಯಲ್ಲಿ ಬ್ಯಾಡ ಗೌಡ್ರೇ,” ಎಂದಳು ಚಿಕ್ಕಬೀರಮ್ಮ. ಮೊದಲ ಸಲ ಅವಳ ದನಿಯಲ್ಲಿ ನಗುವಿರಲಿಲ್ಲ. “ಮನುಷ್ರು ಅಂತ ನಮ್ಗೂ ಗೊತ್ತದೆ. ಅದು ಕಾಗದದಲ್ಲಿ ಬರ್ಲಿ.”

ಮಂಟಯ್ಯ ಬೀರುವಿನ ಕೆಳಗಿನ ಖಾನೆಯಿಂದ ಕಾಲೋನಿಯ ಕಡತ ಎಳೆದ. ಕಟ್ಟಿದ್ದ ದಾರ ಬಿಚ್ಚಿದರೆ ಅರ್ಜಿಗಳು ಮೇಜಿನ ತುಂಬ ಹರಡಿದವು. ಒಂದೊಂದರ ಕೆಳಗೂ ಒಂದು ನೀಲಿ ಹೆಬ್ಬೆಟ್ಟು, ಇಪ್ಪತ್ತೆರಡು ವರ್ಷದ ಒಂದೇ ಹೆಬ್ಬೆಟ್ಟು, ವರ್ಷದಿಂದ ವರ್ಷಕ್ಕೆ ಗೆರೆ ಆಳವಾಗಿತ್ತು. ಅಧಿಕಾರಿ ಒಂದೊಂದಾಗಿ ತಿರುವಿದರು. ಅವರ ಮುಖ ಕೆಂಪಾಯಿತು. ಪೆನ್ನಿನ ಟೋಪಿ ತೆಗೆದರು.

ಮಂಟಯ್ಯ ಒಪ್ಪಿಗೆ ಪತ್ರ ಟೈಪು ಮಾಡಿದ. ಚಲುವಯ್ಯ ಸಹಿಗೆ ಕೈ ಚಾಚಿದಾಗ ಅಜ್ಜಿ ಅಡ್ಡ ಬಂದಳು.

“ತಡೀರಿ. ಓದಮ್ಮಿ ಜೋರಾಗಿ.”

ಶಾಂತಲಾ ಎದ್ದು ನಿಂತು ಓದಿದಳು. ಮುತ್ತುಗನಕೊಪ್ಪಲಿನ ಕೆರೆ ಏರಿಯ ಕೆಳಗಿರುವ ನಲವತ್ತೊಂದು ಮನೆಗಳನ್ನು ಪ್ರತ್ಯೇಕ ಮಜರೆಯೆಂದು ಪರಿಗಣಿಸಲು, ನೀರು, ಬೆಳಕು, ರಸ್ತೆ ಮುಂತಾದ ಸೌಕರ್ಯಗಳನ್ನು ಪ್ರತ್ಯೇಕವಾಗಿಯೇ ಮಂಜೂರು ಮಾಡಲು ಪಂಚಾಯ್ತಿಯ ಪೂರ್ಣ ಒಪ್ಪಿಗೆ ಇದೆ. ‘ಬೆಳಕು’ ಎಂಬುದನ್ನು ಅವಳು ಎರಡು ಸಲ ಓದಿದಳು. ಮುಗಿದ ಮೇಲೆ ಅಜ್ಜಿ ತಲೆದೂಗಿದಳು. ಚಲುವಯ್ಯ ಸಹಿ ಹಾಕಿ, ಜೇಬಿನಿಂದ ಸೀಲು ತೆಗೆದು ಕುಟ್ಟಿದ. ಶಿವಶಂಕರರು ಅದರ ಕೆಳಗೇ ಆದೇಶ ಬರೆದರು. ಅರವತ್ತೆರಡನೇ ಗ್ರಾಮ, ನಾಲ್ಕನೇ ಮಜರೆ; ಮೊದಲ ಮೂರು ನಂಬರು ಬೇರೆ ಮಜರೆಗಳಿಗೆ ಆಗಲೇ ಹೋಗಿದ್ದವು. ಶುರುವಿನಿಂದ ಕೊನೆಯವರೆಗೆ ಹಿಡಿದದ್ದು ಹದಿನೆಂಟು ನಿಮಿಷ.

“ಹೆಸರಿನ ಕಾಲಂ ಒಂದದೆ ಸಾರ್,” ಎಂದ ಮಂಟಯ್ಯ. “ಕಾಲೋನಿ ಅಂತ್ಲೇ ಆಕ್ಲಾ?”

“ಉಂಟಾ? ಎಸ್ರು ಅಂದ್ರೆ ಊರೆಲ್ಲ ಕುಂತು ಇಡ್ಬೇಕು,” ಎಂದಳು ಚಿಕ್ಕಬೀರಮ್ಮ. “ನಲ್ವತ್ತೊಂದು ಮನೆ, ನಲ್ವತ್ತೊಂದು ಎಸ್ರು ಬತ್ತವೆ, ನಾಕು ದಿನ ಜಗಳ ಆಯ್ತದೆ. ಆಗ್ಲಿ. ಇವತ್ತು ನಂಬರ್ ಆಕಿ.”

ಎರಡು ಗಂಟೆ ಐವತ್ತು ನಿಮಿಷಕ್ಕೆ ಶಾಂತಲಾ ಖಾಲಿ ಜಾಗದಲ್ಲಿ ನಾಲ್ಕು ಎಂದು ಒತ್ತಿದಳು. ಪರದೆಯ ಮೇಲೆ ವಿಳಾಸ ಬದಲಾಯಿತು: 62/4/17. ಫ್ರೇಮ್‌ವರ್ಕು ಅದನ್ನು ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಲವತ್ತೊಂದು ಮುಖಗಳು ಒಂದರ ಹಿಂದೆ ಒಂದು ತಮ್ಮ ತಮ್ಮ ಮನೆಗೆ ನಡೆದುಹೋದವು. ಚಲುವಯ್ಯನ ಕಪ್ಪು ಮೀಸೆ ಅವನ ಹೆಸರಿನ ಮೇಲೆ ಬಂದು ಕೂತಿತು. ಅವನು ಕಾಗದವನ್ನು ಮಡಚದೆ, ಎದೆಗೆ ಒತ್ತಿಕೊಂಡು, ಯಾರಿಗೂ ಹೇಳದೆ ಜೀಪು ಹತ್ತಿದ.

ಪ್ರಿಂಟರು ಬಿಡುವಿಲ್ಲದೆ ಗೊರಗುಡುತ್ತಿತ್ತು. ಕುಳ್ಳಯ್ಯನ ಹಕ್ಕುಪತ್ರದಲ್ಲಿ ಕುಳ್ಳಯ್ಯನೇ ಬಂದ, ಗಾಬರಿಯ ಕಣ್ಣು, ಎಣ್ಣೆ ಹಚ್ಚಿ ಬಾಚಿದ ತಲೆ. ಶಾಂತಲಾ ಒಂದೊಂದನ್ನೂ ಗಾಳಿಗೆ ಬೀಸಿ ಜೋಡಿಸುತ್ತ, ಮಜರೆಯ ಚೌಕದಲ್ಲಿದ್ದ ನಾಲ್ಕರ ಮೇಲೆ ಪ್ರತಿ ಸಲವೂ ಹೆಬ್ಬೆರಳು ಆಡಿಸುತ್ತಿದ್ದಳು.

ವಸಂತ್ ಇನ್ನೊಂದು ಕಂಪ್ಯೂಟರಿನ ಮುಂದೆ ಕೂತು ಅಂಗಿಯ ತೋಳು ಮಡಚಿಕೊಂಡ. “ಈಗ ಇದನ್ನ ಸರಿಮಾಡಿಬಿಡ್ತೀನಿ. ವಿಳಾಸ ಒಪ್ಪ ಮಾಡೋ ಚಾಳಿ ತಪ್ಪಿಸಿ, ಖಾಲಿ ಬಿಟ್ಟರೂ ಯಾರ ಫೋಟೋನೂ ಯಾರ ಜಾಗಕ್ಕೂ ಹೋಗದ ಹಾಗೆ ಮಾಡ್ತೀನಿ. ಇನ್ನು ಯಾರಿಗೂ ತೊಂದರೆ ಇರಲ್ಲ.”

“ಒಸಿ ತಡಿಯಪ್ಪ,” ಎಂದಳು ಚಿಕ್ಕಬೀರಮ್ಮ. “ಮಂಟಯ್ಯೋರೆ, ನಮ್ಮಂಗೆ ನಂಬರ್ ಇಲ್ದಿರಾ ಕಾಲೋನಿ ಇನ್ನೂ ಎಷ್ಟವೆ ನಿಮ್ ಪಟ್ಟೀಲಿ?”

ಮಂಟಯ್ಯ ಬೆರಳು ಮಡಚಿದ. “ಎಂಟವೆ ಕಣಮ್ಮ. ಪಿರಿಯಾಪಟ್ಣದ ಕಡೆ ಐದು, ಎಚ್.ಡಿ. ಕೋಟೆ ಕಡೆ ಮೂರು. ಸೋಮವಾರದಿಂದ ಅವ್ರ್ದೇ ಸೇರ್ಸಾದು.”

“ಅವ್ರ ಮೇಲೂರೋರ್ದೆಲ್ಲ ಆಗ್ಲೇ ಸೇರ್ಸಾಗದಾ?”

“ಅದು ಯಾವತ್ತೋ ಆಯ್ತು.”

ಅಜ್ಜಿ ಒಂದಿಷ್ಟು ಹೊತ್ತು ಎಲೆ ಅಗಿದಳು. ಆಮೇಲೆ ವಸಂತನ ಬ್ಯಾಗನ್ನು ನೆಲದಿಂದೆತ್ತಿ ಅವನ ತೊಡೆಯ ಮೇಲಿಟ್ಟಳು.

“ಈ ರಿಪೇರಿ ಈಗ್ಲೇ ಮಾಡ್ಬ್ಯಾಡ ಕಣಪ್ಪ. ಕೆಟ್ಟಿರಾದು ಒಸಿ ದಿನ ಅಂಗೇ ಕೆಟ್ಟಿರ್ಲಿ. ಇನ್ನೂ ಎಂಟು ಊರವೆ.”

ವಸಂತ್ ಶಾಂತಲಾಳನ್ನು ನೋಡಿದ. ಶಾಂತಲಾ ಇಪ್ಪತ್ತಾರನೆಯದನ್ನು ಗಾಳಿಗೆ ಬೀಸುತ್ತ, ತುಂಬ ಕೆಲಸವಿರುವವಳಂತೆ ಗೋಡೆಯ ಕಡೆ ತಿರುಗಿಕೊಂಡಳು. ಅವನು ಬ್ಯಾಗಿನ ಜಿಪ್ಪು ಎಳೆದು, ಕೃಷ್ಣರಾಜನಗರಕ್ಕೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆಂದು ಮಂಟಯ್ಯನನ್ನು ಕೇಳಿದ.